ಏಳರಲ್ಲಿ ಎರಡು

ಮೇಜಿನ ಮೇಲೆ ನನ್ನ ನೀಲಿ ಶಾಲು ಹಾಸಿ
ಇದು ಟಿಸಾ ನದಿ ಅಂದೆ.
ಕರೀ ಗುಂಡಿ ತೋಳ, ಬಿಳೀ ಗುಂಡಿ ಮೇಕೆ,
ಹಸಿರು ಗುಂಡಿ ಸಿಗದೆ
ಕೋಸಿಗೆ ಕೋಸಿನದೇ ಒಂದೆಲೆ.
ಬೆಂಕಿಪೊಟ್ಟಣ ದೋಣಿ. ಅಂಬಿಗನ ಜೊತೆ
ಒಂದೇ ಒಂದಕ್ಕೆ ಜಾಗ.

ಐದನೇ ತರಗತಿಯ ಹನ್ನೊಂದು ಮಕ್ಕಳು
ಸರದಿ ಪ್ರಕಾರ ಮೇಕೆಯನ್ನು ತೋಳಕ್ಕೆ ತಿನ್ನಿಸಿದರು.
ಲೋರಾಂಟ್ ಒಬ್ಬನೇ ಮೂರು ಸಲ.
ದಾಟಿಸಿದ್ದನ್ನು ವಾಪಸು ತರಬಹುದು
ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.
ಹೋದದ್ದು ಹೋಯಿತು ಅಂತ
ಹತ್ತು ವರ್ಷಕ್ಕೇ ಕಲಿತುಬಿಟ್ಟಿರುತ್ತಾರೆ,
ಎಲ್ಲಿಂದಲೋ. ನಾನಂತೂ ಕಲಿಸಿದ್ದಲ್ಲ.

ಒಲೆಯ ಪಕ್ಕ, ಮೊಮ್ಮಗಳು ಎಮೆಶೆಗೆ ಕಾಯುತ್ತ
ಅಂಬಿಗ ವೆಂಡೆಲ್ ಅಜ್ಜ ಕೂತಿದ್ದ,
ತೊಡೆಯ ಮೇಲೆ ಟೋಪಿ, ಟೋಪಿ ತುಂಬ ಅಕ್ರೋಟು.
"ಟೀಚರಮ್ಮಾ, ಈ ತೋಳ ಯಾಕೆ ದಾಟಬೇಕು?"
ಲೆಕ್ಕದಲ್ಲಿ ಹಾಗಿದೆ, ಅಂದೆ.
"ಲೆಕ್ಕ ಬರೆದವನು ಹುಟ್ಟು ಹಾಕಿದವನಲ್ಲ ಬಿಡಿ.
ಆದರೂ ಉತ್ತರ ನನಗೆ ಗೊತ್ತು.
ಮಾಡಿದ್ದೇನೆ ಒಂದು ಸಲ."

ಆ ಮಾರ್ಚಿನಲ್ಲಿ ಹೊಳೆ ಉಕ್ಕಿ
ಹಗ್ಗ ಹರಿದು, ದೊಡ್ಡ ದೋಣಿ ಎತ್ತಲೋ ಹೋಗಿ,
ಉಳಿದದ್ದು ಮೀನು ಹಿಡಿಯುವ ಪುಟ್ಟದು:
ಅವನು, ಇನ್ನೊಂದು ಜೀವ, ಅಷ್ಟೇ.
ದಡದಲ್ಲಿ ಆಂಬ್ರುಶ್, ಅವನ ಹೆಂಡತಿ ಟೆರ್ಕಾ,
ಒಂದು ಪೀಪಾಯಿ ಪ್ಲಮ್ ಸಾರಾಯಿ.
ಹೊಲಿಗೆ ಮೆಷಿನ್ನು ನೀರಿಗೆ ಬಿಟ್ಟು
ಪೀಪಾಯಿ ಹೊತ್ತು ತಂದಿದ್ದ ಮಹರಾಯ.

"ಅವನನ್ನು ಪೀಪಾಯಿ ಹತ್ತಿರ ಬಿಟ್ಟರೆ ಪೀಪಾಯಿ ಖಾಲಿ.
ಟೆರ್ಕಾ ಹತ್ತಿರ ಬಿಟ್ಟರೆ ಅವನೇ ಖಾಲಿ.
ಟೆರ್ಕಾಗೆ ಪೀಪಾಯಿ ಮೇಲೆ ಸಿಟ್ಟಿಲ್ಲ,
ಮಾರಿದರೆ ಮೆಷಿನ್ನು ಬರುತ್ತೆ."
ಅತ್ತ ದರಿ, ಇತ್ತ ಪುಲಿ;
ಪುಲಿಯ ಕೈಯಲ್ಲಿ ಗಂಡನ ಒದ್ದೆ ಬೂಟು.

ಮೊದಲು ಅವನನ್ನು ಬಿಟ್ಟು ಬಂದ.
ಆಮೇಲೆ ಅವಳು. ಅವಳ ಕಾಲು ಕೆಸರಿಗೆ ತಾಗಿತೋ ಇಲ್ಲವೋ
"ಹತ್ತು" ಅಂದ ಆಂಬ್ರುಶ್‌ಗೆ.
"ಈಗ ತಾನೇ ದಾಟಿದೆನಲ್ಲ!"
"ಹತ್ತು."
ನಡುಹೊಳೆಯಲ್ಲಿ ತೇಲಿಬಂತು ಯಾರದೋ ಮನೆಯ ಬಾಗಿಲು,
ಚಿಲಕ ಹಾಕಿದ ಹಾಗೇ.
ಅದನ್ನು ನೋಡುತ್ತ ಆಂಬ್ರುಶ್ ಕೇಳಿದನಂತೆ,
"ಯಾವ ದಡದಲ್ಲೂ ನಾನು ಇರೋ ಹಾಗಿಲ್ವಾ?"
ಉತ್ತರ ಹೇಳುವಷ್ಟು ಉಸಿರು
ಅಜ್ಜನಲ್ಲಿ ಉಳಿದಿರಲಿಲ್ಲ.

ಅವನನ್ನು ಇಳಿಸಿ, ಪೀಪಾಯಿ ಹತ್ತಿಸಿ,
ಅದನ್ನು ಅವಳಿಗೊಪ್ಪಿಸಿ, ಮತ್ತೆ ಬಂದರೆ
ಮಂಡಿಯುದ್ದ ನೀರಲ್ಲಿ ನಿಂತಿದ್ದ, ಬರಿಗಾಲಲ್ಲಿ.
ಆ ಕೊನೆಯ ಸಲ ಹುಟ್ಟು ಹಾಕಿದ್ದು ಅವನೇ.
ಆಚೆ ದಡದಲ್ಲಿ ಟೆರ್ಕಾ
ಪೀಪಾಯಿಯ ಮೇಲೆ ಕೂತಿದ್ದಳು.
ಬೂಟು ಅವನ ಮುಂದೆ ಎಸೆದಳು:
ಹಾಕ್ಕೋ, ನೆಗಡಿಯಾಗುತ್ತೆ.

ಬೆರಳು ಮಡಚುತ್ತಿದ್ದ ಎಮೆಶೆ "ಏಳು!" ಅಂತ ಕೂಗಿದಳು.
ಬೋರ್ಡಿನ ಮೇಲೆ ಏಳು ಅಂತ ಬರೆದೆ,
ಕೆಳಗೆ ಎರಡು ಗೆರೆ ಎಳೆದೆ. ಚಪ್ಪಾಳೆ.

ಅಜ್ಜ ಅಂಗೈಯಲ್ಲೇ ಅಕ್ರೋಟು ಒಡೆದ.
"ಆ ಏಳರಲ್ಲಿ ಎರಡು ಸಲ ದೋಣೀಲಿ ಯಾರೂ ಇಲ್ಲ.
ಅದರ ಬಗ್ಗೆ ಏನೂ ಕೇಳಲ್ವಾ ನಿಮ್ಮ ಲೆಕ್ಕ?"
ಇಲ್ಲ, ಅಂದೆ.
"ಆಗಲೇ ತಿರುಗಿ ನೋಡಿದ್ದು ನಾನು,
ನನ್ನ ಮನೆ ಇದ್ದ ಕಡೆ.
ಮೊದಲ ಸಲ ಸೂರು ಕಾಣ್ತಿತ್ತು.
ಎರಡನೇ ಸಲ ಚಿಮಣಿ,
ಅದರ ತುದೀಲಿ ಕೊಕ್ಕರೆ ಗೂಡು. ಹಳೇದು.
ಆ ವರ್ಷದ ಕೊಕ್ಕರೆ ಇನ್ನೂ ಬಂದಿರಲಿಲ್ಲ."

ಗಂಟೆ ಹೊಡೆಯಿತು.
ಶಾಲು ಮಡಚಿದೆ, ಗುಂಡಿ ಎರಡನ್ನೂ ಪೊಟ್ಟಣಕ್ಕೆ ಹಾಕಿದೆ.
ಕೋಸಿನೆಲೆಯನ್ನು ಅಷ್ಟರಲ್ಲಿ
ಯಾರೋ ತಿಂದು ಮುಗಿಸಿದ್ದರು.